ಮಾವನಿಗೆ ಸಿನಿಮಾ ಹೇಳುವವಳು

ಆ ಮನೆಯಲ್ಲಿ ಭಾನುವಾರದ ಸಿನಿಮಾವನ್ನು ನೋಡುತ್ತಿರಲಿಲ್ಲ, ಹೇಳುತ್ತಿದ್ದರು. ಹೇಳುವವಳು ದೊಡ್ಡ ಸೊಸೆ, ಕೇಳುವವರು ಮಾವ. ಮಧ್ಯಾಹ್ನದ ತಟ್ಟೆಗಳನ್ನು ತೊಳೆದು ಬೋರಲು ಹಾಕಿ, ಮನೆಯ ಉಳಿದ ಜನ ಸಿಕ್ಕಸಿಕ್ಕಲ್ಲಿ ಕಾಲು ಚಾಚಿದ ಮೇಲೆ, ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು "ಬಂದ್ಯೇನಮ್ಮಾ?" ಎಂದು ಕೂಗುತ್ತಿದ್ದರು. ಅವಳು ಕೈ ಒರೆಸಿಕೊಂಡು ಬಂದು ಟಿವಿ ಹಾಕಿ, ಅವರ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು.

ಮಾವ ಕಾಗದದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದವರು. ಕಾರ್ಖಾನೆಯ ಕ್ಲಬ್ಬಿಗೆ ಬೀಗ ಬಿದ್ದಾಗ ಅಲ್ಲಿದ್ದ ಸಾಮಾನುಗಳನ್ನು ನೌಕರರಿಗೆ ಹಂಚಿದ್ದರು. ಒಬ್ಬ ಕೇರಂ ಬೋರ್ಡು ತಗೊಂಡ, ಇನ್ನೊಬ್ಬ ಗೋಡೆ ಗಡಿಯಾರ, ಮತ್ತೊಬ್ಬ ಮಹಾನುಭಾವ ಬಚ್ಚಲಿನ ಬಾಗಿಲನ್ನೇ ಕಳಚಿಕೊಂಡು ಹೋದ. ಮಾವ ಹೊತ್ತು ತಂದದ್ದು ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಮೂವತ್ತೆಂಟು ಸಿನಿಮಾ ಡಿಸ್ಕುಗಳಿದ್ದವು. ಎಲ್ಲವೂ ಆಟೋಟದ ಚಿತ್ರಗಳು, ಎಲ್ಲವೂ ದೂರದ ಯಾವುದೋ ಭಾಷೆಯವು, ಮಾತು ಅರ್ಥವಾಗಬೇಕಾದರೆ ಕೆಳಗೆ ಓಡುವ ಅಕ್ಷರಗಳನ್ನು ಓದಬೇಕು. ಪೆಟ್ಟಿಗೆ ಮನೆಗೆ ಬಂದ ವರ್ಷವೇ ಮಾವನ ಕಣ್ಣಿನ ನರ ಒಣಗುತ್ತಾ ಬಂತು. ಕಿಟಕಿ ಯಾವ ಕಡೆ ಇದೆ ಅನ್ನುವಷ್ಟು ಬೆಳಕು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು, ಮಾವ ಗೋಡೆ ಕಡೆ ತಿರುಗಿ ಮಲಗತೊಡಗಿದರು.

ಅವರನ್ನು ಎಬ್ಬಿಸಿ ಕೂರಿಸಿದವಳು ದೊಡ್ಡ ಸೊಸೆ. ಅವಳು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಜನ್ಮದಲ್ಲಿ ಚೆಂಡು ಮುಟ್ಟಿದವಳಲ್ಲ. ಒಂದು ಭಾನುವಾರ ಪೆಟ್ಟಿಗೆ ಎಳೆದು, ಕೈಗೆ ಸಿಕ್ಕ ಡಿಸ್ಕು ಹಾಕಿ, "ಮಾವ, ಒಬ್ಬ ಸೈಕಲ್ ತುಳೀತಾ ಇದಾನೆ, ಬೆಟ್ಟ ಹತ್ತುತ್ತಾ ಇದಾನೆ, ಬೆವರು ಸುರೀತಾ ಇದೆ" ಎಂದು ಶುರು ಮಾಡಿದಳು. ಆ ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಮಾವ ಎದ್ದು ಕೂತಿದ್ದರು. "ನೀನು ಹೇಳಿದ್ರೆ ಕಣ್ಣಿಗೆ ಕಟ್ಟುತ್ತಮ್ಮ" ಎಂದರು. ಆ ಮಾತನ್ನು ಅವಳಿಗೆ ಅಲ್ಲಿಯವರೆಗೆ ಯಾವ ವಿಷಯಕ್ಕೂ ಯಾರೂ ಹೇಳಿರಲಿಲ್ಲ. ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಯನ್ನು ಯಾರು ಹೊಗಳುತ್ತಾರೆ?

ಹೀಗೆ ಏಳು ವರ್ಷ ಆಯಿತು. ಚಿತ್ರಗಳ ನಿಜವಾದ ಹೆಸರು ಆ ಮನೆಯಲ್ಲಿ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಸೈಕಲ್ಲು, ದೋಣಿ, ಗುದ್ದಾಟ, ಈಜು, ಗೋಲ್‌ಕೀಪರ್, ಹೀಗೆ ಆಟದ ಹೆಸರೇ ಚಿತ್ರದ ಹೆಸರು. ಮಾವ ಅವುಗಳಿಗೆ ರ್‍ಯಾಂಕು ಕೊಟ್ಟಿದ್ದರು. ಮೊದಲನೆಯದು ಗೋಲ್‌ಕೀಪರ್, ಎರಡನೆಯದು ಗುದ್ದಾಟ, ಮೂರನೆಯದು ದೋಣಿ. ನಾಲ್ಕು ಮತ್ತು ಐದರ ಜಾಗ ಅವರ ಮನಸ್ಸು ಬಂದ ಹಾಗೆ ಬದಲಾಗುತ್ತಿತ್ತು. ಕ್ಷೌರದಂಗಡಿಯಲ್ಲಿ ಕೂತು ಈ ರ್‍ಯಾಂಕಿನ ಬಗ್ಗೆ ಹೊತ್ತು ಹೋಗುವಷ್ಟು ವಾದ ಮಾಡುತ್ತಿದ್ದರು.

ಗೋಲ್‌ಕೀಪರ್‌ಗೆ ಮೊದಲ ರ್‍ಯಾಂಕು ಸುಮ್ಮನೆ ಸಿಕ್ಕಿದ್ದಲ್ಲ. ಮಾವ ಸ್ವತಃ ಕಾರ್ಖಾನೆ ತಂಡದ ಗೋಲ್‌ಕೀಪರ್ ಆಗಿದ್ದವರು. ಸಿಮೆಂಟ್ ಕಾರ್ಖಾನೆಯವರ ವಿರುದ್ಧದ ಫೈನಲ್ಲಿನ ಕಥೆಯನ್ನು ಮನೆಯ ಮಂದಿ ನೂರು ಸಲ ಕೇಳಿದ್ದರು. ಕೊನೆಯ ನಿಮಿಷದ ಪೆನಾಲ್ಟಿ, ಮಾವ ಎಡಕ್ಕೆ ಹಾರಿದರು, ಚೆಂಡು ನಡುಬೆರಳಿನ ತುದಿಗೆ ತಾಗಿ ಒಳಗೆ ಹೋಯಿತು. "ಇಲ್ಲಿ ತಾಗಿತ್ತು, ಇಲ್ಲಿ" ಎಂದು ಅವರು ಈಗಲೂ ಬೆರಳೆತ್ತಿ ತೋರಿಸುತ್ತಿದ್ದರು.

ಆ ಚಿತ್ರ ಮೊದಲ ಸಲ ಹಾಕಿದ ದಿನವೇ ದೊಡ್ಡ ಸೊಸೆಯಿಂದ ತಪ್ಪು ನಡೆದುಹೋಯಿತು. ಚಿತ್ರದ ಕೊನೆಗೂ ಒಂದು ಪೆನಾಲ್ಟಿ. ಅವಳು ಹೇಳುತ್ತಾ ಹೇಳುತ್ತಾ ಪಕ್ಕಕ್ಕೆ ನೋಡಿದಳು. ಮಾವನ ಎರಡೂ ಕೈ ಕುರ್ಚಿಯ ತೋಳನ್ನು ಬಿಗಿಹಿಡಿದಿದ್ದವು. ಪರದೆಯ ಮೇಲೆ ಚೆಂಡು ಬಲೆಗೆ ಬಿತ್ತು. ಇವಳ ಬಾಯಿ, "ಹಿಡಿದ ಮಾವ, ಹಿಡಿದುಬಿಟ್ಟ" ಅಂದುಬಿಟ್ಟಿತು. ಮಾವ ಮಗುವಿನ ಹಾಗೆ ಅತ್ತರು, ಆಮೇಲೆ ಎರಡು ತಟ್ಟೆ ಊಟ ಮಾಡಿದರು.

ಒಂದು ಸಲ ಬಾಯಿಗೆ ರುಚಿ ಹತ್ತಿದ ಮೇಲೆ ಕೇಳಬೇಕೆ? ಗುದ್ದಾಟದವನು ಕೊನೆಗೆ ಮಕಾಡೆ ಬೀಳುತ್ತಿದ್ದ, ಇವಳು ಎಬ್ಬಿಸಿ ಗೆಲ್ಲಿಸಿದಳು. ದೋಣಿಯವರು ಎರಡನೆಯವರಾಗಿ ಬರುತ್ತಿದ್ದರು, ಇವಳು ಮೂಗಿನಷ್ಟು ಮುಂದೆ ತಂದು ನಿಲ್ಲಿಸಿದಳು. ಮೂವತ್ತೆಂಟರಲ್ಲಿ ಹನ್ನೊಂದು ಚಿತ್ರಗಳಲ್ಲಿ ಸೋತವರು ಅವಳ ಬಾಯಲ್ಲಿ ಗೆದ್ದರು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಒಮ್ಮೆ ಸೋಫಾದಲ್ಲಿ ಅರೆನಿದ್ದೆಯಿಂದ ಎದ್ದು, "ಅವನು ಸೋತನಲ್ಲೇ?" ಎಂದಿದ್ದ. ಇವಳು ಕಣ್ಣು ಕೆಕ್ಕರಿಸಿದಳು. ನಡೆಯುತ್ತಿರುವ ಯಂತ್ರವನ್ನು ಬಿಚ್ಚಬಾರದು ಅನ್ನುವ ಜಾತಿಯ ಮನುಷ್ಯ ಅವನು, ಮಗ್ಗುಲು ಬದಲಿಸಿ ಮಲಗಿಬಿಟ್ಟ.

ಹೀಗಿರುವಾಗ ಮೈದುನನ ಮದುವೆಯಾಗಿ ಚಿಕ್ಕ ಸೊಸೆ ಮನೆಗೆ ಬಂದಳು.

ಅವಳು ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಅಗಲ ಭುಜ, ಯಾವಾಗಲೂ ಅರ್ಧ ಒದ್ದೆ ತಲೆ, ಮೈಯಿಂದ ಕೊಳದ ಔಷಧಿಯ ವಾಸನೆ. ಕೆಲಸದಲ್ಲಿ ಕಳ್ಳಿಯಲ್ಲ, ಮಾತಿನಲ್ಲಿ ಒರಟಲ್ಲ. ದೊಡ್ಡ ಸೊಸೆ ಎರಡು ತಿಂಗಳು ಹುಡುಕಿದರೂ ವಾರಗಿತ್ತಿಯಲ್ಲಿ ಹುಳುಕು ಸಿಕ್ಕಿರಲಿಲ್ಲ, ಅದೇ ಅವಳಿಗೆ ದೊಡ್ಡ ಬೇಸರದ ಸಂಗತಿಯಾಗಿತ್ತು.

ಮೂರನೆಯ ತಿಂಗಳ ಮೊದಲ ಭಾನುವಾರ ಚಿಕ್ಕ ಸೊಸೆ ಮಲಗಲು ಹೋಗದೆ ನೆಲದ ಮೇಲೆ ಬಂದು ಕೂತಳು. ದೊಡ್ಡ ಸೊಸೆಯ ಹತ್ತು ವರ್ಷದ ಮಗಳು ಗುಬ್ಬಿ ಅವಳ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಅಂದು ಹಾಕಿದ್ದು ಈಜು.

"ಗೋಡೆ ಹತ್ತಿರ ಬಂದ್ಲು ಮಾವ, ಕೈಯಿಂದ ಮುಟ್ಟಿದ್ಲು, ತಿರುಗಿದ್ಲು" ಎಂದಳು ದೊಡ್ಡ ಸೊಸೆ.

"ಕೈಯಿಂದ ಮುಟ್ಟಲಿಲ್ಲ ಅಕ್ಕ" ಎಂದಳು ಚಿಕ್ಕವಳು. "ಮಾವ, ಅವಳು ನೀರೊಳಗೇ ಪಲ್ಟಿ ಹೊಡೆದು ಎರಡೂ ಪಾದದಿಂದ ಗೋಡೆ ಒದ್ದಳು. ಒದ್ದ ಜೋರಿಗೇ ಅರ್ಧ ದೂರ ಹೋಗಿಬಿಡ್ತಾಳೆ."

ಮಾವ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು. "ಪಾದದಿಂದಾನಾ? ಉಸಿರು ಎಲ್ಲಿ ತಗೋತಾಳೆ?"

"ಪಲ್ಟಿಗೆ ಮುಂಚೆ ಒಂದು ಸಲ, ಎದ್ದ ಮೇಲೆ ಒಂದು ಸಲ. ನಡುವೆ ಉಸಿರಿಲ್ಲ."

"ನೋಡಪ್ಪ" ಎಂದು ಮಾವ ನಕ್ಕರು. "ಈ ಸಿನಿಮಾ ಆರು ಸಲ ಕೇಳಿದೀನಿ. ನಮ್ಮ ದೊಡ್ಡವಳು ಆರು ಸಲಾನೂ ಕೈಯಲ್ಲೇ ಮುಟ್ಟಿಸಿದ್ಲು."

ನಕ್ಕದ್ದು ಪ್ರೀತಿಯಿಂದಲೇ. ಆದರೆ ದೊಡ್ಡ ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಆಮೇಲಿನ ಅರ್ಧ ಗಂಟೆ ಅವಳು ಹೇಳಿದ ಪ್ರತಿ ಮಾತಿಗೂ ಮಾವ ಇನ್ನೊಂದು ಕಡೆ ತಲೆ ತಿರುಗಿಸಿ, "ಹೌದೇನಮ್ಮ?" ಎಂದು ಚಿಕ್ಕವಳನ್ನು ಕೇಳಿಕೊಳ್ಳುತ್ತಿದ್ದರು.

ಸಂಜೆ ಊಟಕ್ಕೆ ಕೂತಾಗಲೂ ಅದೇ ಪುರಾಣ. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ತಟ್ಟೆಯಲ್ಲಿ ಆರುತ್ತಿದ್ದವು, ಮಾವ ಕೈಯಲ್ಲಿ ಗಾಳಿಯನ್ನು ಸೀಳುತ್ತಾ ಈಜುತ್ತಿದ್ದರು.

"ಅಮ್ಮ, ನಾನು ಚಿಕ್ಕಮ್ಮನ ಹತ್ತಿರ ಈಜು ಕಲೀತೀನಿ" ಎಂದಳು ಗುಬ್ಬಿ.

"ಮೊದಲು ತಟ್ಟೇಲಿರೋ ಮೊಟ್ಟೆ ಮುಗಿಸು."

"ಮೊಟ್ಟೆಗೂ ಈಜಿಗೂ ಏನು ಸಂಬಂಧ?"

"ನನಗೂ ನಿನಗೂ ಇರೋ ಸಂಬಂಧ. ಬಾಯಿ ಮುಚ್ಕೊಂಡು ತಿನ್ನು."

ಅತ್ತೆ ಕನ್ನಡಕದ ಮೇಲಿಂದ ಹಿರಿಸೊಸೆಯನ್ನು ನೋಡಿದರು. ಶರ್ಟಿನ ಅಂಗಡಿಗೆ ಗುಂಡಿ ಹೊಲಿದುಕೊಡುವ ಅತ್ತೆಗೆ ಸೂಜಿ ಕಣ್ಣೂ ಕಾಣುತ್ತಿತ್ತು, ಸೊಸೆಯಂದಿರ ಮುಖವೂ ಕಾಣುತ್ತಿತ್ತು. ಉಪ್ಪಿನ ಡಬ್ಬಿಯನ್ನು ಅವಳ ಕಡೆ ಸರಿಸಿದರು.

ಮರುದಿನ ದೊಡ್ಡ ಸೊಸೆ ಅಡುಗೆಮನೆ ಬಾಗಿಲಿನ ಹಿಂದೆ ಅಂಟಿಸಿದ್ದ ಕೆಲಸದ ಪಟ್ಟಿಯನ್ನು ಕಿತ್ತು ಹೊಸದು ಬರೆದಳು. ಭಾನುವಾರ ಮಧ್ಯಾಹ್ನ ಬಚ್ಚಲು ತಿಕ್ಕುವುದು, ಮೆಟ್ಟಿಲು ತೊಳೆಯುವುದು, ಕಿಟಕಿ ಗಾಜು ಒರೆಸುವುದು, ಮೂರೂ ಚಿಕ್ಕ ಸೊಸೆಯ ಪಾಲಿಗೆ ಬಂದವು. ಪಟ್ಟಿ ನೋಡಿ ಮೈದುನ ಹುಬ್ಬೇರಿಸಿದ.

"ಅತ್ತಿಗೆ, ಕಿಟಕಿ ಒರೆಸೋದು ತಿಂಗಳಿಗೊಂದು ಸಲ ಅಲ್ವಾ ಇದ್ದಿದ್ದು?"

"ಧೂಳು ತಿಂಗಳಿಗೊಂದೇ ಸಲ ಬರುತ್ತಾ?"

"ಪರವಾಗಿಲ್ಲ ಬಿಡಿ" ಎಂದಳು ಚಿಕ್ಕ ಸೊಸೆ. ಮುಂದಿನ ಭಾನುವಾರ ಅವಳು ಬೆಳಕು ಹರಿಯುವ ಮುಂಚೆ ಎದ್ದಳು. ಬೇರೆಯವರು ಹಲ್ಲುಜ್ಜುವ ಹೊತ್ತಿಗೆ ಬಚ್ಚಲು ಹೊಳೆಯುತ್ತಿತ್ತು, ಮೆಟ್ಟಿಲು ಒಣಗುತ್ತಿತ್ತು. ಮಧ್ಯಾಹ್ನ ಸರಿಯಾದ ಹೊತ್ತಿಗೆ ನೆಲದ ಮೇಲೆ ಬಂದು ಕೂತಳು. ಇನ್ನೇನು ಮಾಡುವುದು? ದೊಡ್ಡ ಸೊಸೆ ಹಲ್ಲು ಕಚ್ಚಿಕೊಂಡು ಟೇಬಲ್ ಟೆನಿಸ್ ಹಾಕಿದಳು. ಆ ಚೆಂಡು ಎಷ್ಟು ವೇಗವಾಗಿ ಹೋಗಿ ಬರುತ್ತಿತ್ತೆಂದರೆ ಅವಳ ನಾಲಿಗೆ ಹಿಂದೆ ಬಿತ್ತು. ಚಿಕ್ಕವಳು ಮಾವನ ಮಂಡಿಯ ಮೇಲೆ ಬೆರಳಿನಿಂದ ಎಡಕ್ಕೆ, ಬಲಕ್ಕೆ ತಟ್ಟುತ್ತಾ ಹೋದಳು. ಮಾತೇ ಬೇಕಾಗಲಿಲ್ಲ. ಮಾವ ಮಂಡಿಯ ಮೇಲೆ ಆಟ ನೋಡಿದರು.

ಇಷ್ಟು ಸರಳ ಉಪಾಯ ಏಳು ವರ್ಷದಲ್ಲಿ ತನಗೆ ಹೊಳೆಯಲಿಲ್ಲವಲ್ಲ ಎಂದು ದೊಡ್ಡ ಸೊಸೆಗೆ ಸಂಕಟವಾಯಿತು. ಸಂಕಟ ಅನ್ನುವುದು ಮರ್ಯಾದೆಯ ಮಾತು. ಅದು ಹೊಟ್ಟೆಕಿಚ್ಚು.

ನಾಲ್ಕನೆಯ ಭಾನುವಾರ ಹೋಟೆಲಿನಲ್ಲಿ ದೊಡ್ಡ ಔತಣವಿತ್ತು. ಮುನ್ನೂರು ಮೇಜಿನ ಬಟ್ಟೆ ಇಸ್ತ್ರಿಯಾಗಬೇಕು, ರಜೆ ಇಲ್ಲ ಎಂದು ಮೇಲ್ವಿಚಾರಕಿ ಹೇಳಿದಳು. ದೊಡ್ಡ ಸೊಸೆ ಹಬೆಯ ಇಸ್ತ್ರಿಯ ಮುಂದೆ ನಿಂತು ಮೇಲಿನ ಗಡಿಯಾರವನ್ನೇ ನೋಡುತ್ತಿದ್ದಳು. ಎರಡು ಗಂಟೆಗೆ ಅವಳು ಮಡಿಸಿದ ಬಟ್ಟೆಯ ಅಂಚು ಸರಿಯಾಗಿ ಕೂಡಲಿಲ್ಲ. ಎರಡೂವರೆಗೆ ಮಣಿಕಟ್ಟು ಸುಟ್ಟುಕೊಂಡಳು.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಪಕ್ಕದ ಮೇಜಿನವಳು ಕೇಳಿದಳು.

"ಎಲ್ಲರೂ ಚೆನ್ನಾಗೇ ಇದಾರೆ. ಅದೇ ನನಗೆ ತೊಂದರೆ" ಎಂದಳು ಇವಳು.

ಸಂಜೆ ಚಪ್ಪಲಿ ಬಿಡುವ ಮೊದಲೇ ಒಳಗಿಂದ ಮಾವನ ದನಿ ಬಂತು. "ಬಂದ್ಯೇನಮ್ಮ? ಇವತ್ತು ಚಿಕ್ಕವಳು ದೋಣಿ ಹೇಳಿದ್ಲು. ಅವರು ಎರಡನೆಯವರಾಗಿ ಬಂದ್ರಂತಲ್ಲ. ನೀನು ಗೆದ್ರು ಅಂತಿದ್ದೆ?"

ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕಾಲು ಬರಿದು, ದೊಡ್ಡ ಸೊಸೆ ಹಾಗೇ ನಿಂತಳು. "ಅದು ಬೇರೆ ದೋಣಿ ಮಾವ."

"ಪೆಟ್ಟಿಗೇಲಿ ಎರಡು ದೋಣಿ ಇದೆಯಾ?"

"ಇದೆ."

"ನನಗೆ ಒಂದೇ ನೆನಪು."

ಮೇಜಿನ ಹತ್ತಿರ ಚಿಕ್ಕ ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವಳು ತಲೆಯೆತ್ತಿ ದೊಡ್ಡ ಸೊಸೆಯನ್ನು ನೋಡಿದಳು, ಮತ್ತೆ ಆಲೂಗಡ್ಡೆಯನ್ನು ನೋಡಿದಳು. "ಹೌದು ಮಾವ, ಎರಡಿದೆ. ನಾನು ಹಾಕಿದ್ದು ಇನ್ನೊಂದು" ಎಂದಳು.

ಊಟವಾದ ಮೇಲೆ ಪಾತ್ರೆ ತೊಳೆಯುವಲ್ಲಿ ಇಬ್ಬರೇ ಆದರು. ಚಿಕ್ಕವಳು ದನಿ ತಗ್ಗಿಸಿ ಕೇಳಿದಳು. "ಎಷ್ಟು ಸಿನಿಮಾ ಅಕ್ಕ, ಹೀಗೆ?"

"ಹೇಗೆ?"

"ನೀವು ಗೆಲ್ಲಿಸಿರೋದು."

"ನಿನಗ್ಯಾಕೆ ಅದೆಲ್ಲ? ಬಂದು ಮೂರು ತಿಂಗಳಾಗಿಲ್ಲ, ಮನೆಯ ಮೂಲೆಮೂಲೆಗೂ ಮೂಗು ತೂರಿಸ್ಬೇಕಾ?"

"ತೂರಿಸ್ತಾ ಇಲ್ಲ ಅಕ್ಕ. ಯಾವುದು ಅಂತ ಗೊತ್ತಿದ್ರೆ ನಾನೂ ಹಾಗೇ ಹೇಳ್ತೀನಿ. ಇಲ್ದಿದ್ರೆ ಸಿಕ್ಕಿಬೀಳ್ತೀವಿ."

ಸಿಕ್ಕಿಬೀಳ್ತೀವಿ ಅಂದಳಲ್ಲ, ನೀವು ಸಿಕ್ಕಿಬೀಳ್ತೀರಿ ಅನ್ನಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಒಂದು ಮಾತಿಗೆ ಕರಗುತ್ತಿದ್ದರು. ದೊಡ್ಡ ಸೊಸೆಗೆ ಮಾತ್ರ, ತನ್ನ ಕೈಯಲ್ಲಿದ್ದ ಕೊನೆಯದೊಂದಕ್ಕೂ ಇವಳು ಪಾಲು ಕೇಳುತ್ತಿದ್ದಾಳೆ ಅನಿಸಿತು. "ನೀನು ಹೇಳೋದೇ ಬೇಡ" ಎಂದು ತಟ್ಟೆಯನ್ನು ಕುಕ್ಕಿ ಹೋದಳು. ತಟ್ಟೆಯ ಅಂಚು ಚಕ್ಕೆ ಎದ್ದಿತು.

ಆ ವಾರದ ನಡುವೆ ಮಾವ ಚಹಾ ಕುಡಿಯುತ್ತಾ ಅಪ್ಪಣೆ ಕೊಟ್ಟರು. "ಈ ಭಾನುವಾರ ಗೋಲ್‌ಕೀಪರ್ ಹಾಕಿ. ಚಿಕ್ಕವಳ ಬಾಯಲ್ಲಿ ಕೇಳ್ಬೇಕು. ಅವನು ಹೇಗೆ ನಿಲ್ತಾನೆ, ಮಂಡಿ ಎಷ್ಟು ಬಗ್ಗಿಸ್ತಾನೆ, ಅದೆಲ್ಲ ಅವಳಿಗೆ ಗೊತ್ತಾಗುತ್ತೆ."

"ಆ ಡಿಸ್ಕು ಕೆಟ್ಟುಹೋಗಿದೆ ಮಾವ" ಎಂದಳು ದೊಡ್ಡ ಸೊಸೆ.

"ಯಾವಾಗ?"

"ಹೋದ ವಾರ. ಗೀರು ಬಿದ್ದಿದೆ."

ಮಾವ ಲೋಟ ಕೆಳಗಿಟ್ಟರು. ಮೊದಲ ರ್‍ಯಾಂಕಿನದು ಹೋಯಿತೆಂದರೆ ಸಾಮಾನ್ಯವೇ? ಎರಡು ದಿನ ಅವರು ಕ್ಷೌರದಂಗಡಿಗೂ ಹೋಗಲಿಲ್ಲ. ದೊಡ್ಡ ಸೊಸೆಗೆ ಒಳಗೊಳಗೇ ಚುಚ್ಚಿತು. ಆದರೂ ಡಿಸ್ಕನ್ನು ಬಚ್ಚಿಟ್ಟ ಜಾಗದಿಂದ ತೆಗೆಯಲಿಲ್ಲ.

ಅದನ್ನು ತೆಗೆದವರು ಅತ್ತೆ. ಶನಿವಾರ ಸಂಜೆ, ಎಲ್ಲರೂ ಮೇಜಿಗೆ ಬಂದಿದ್ದಾಗ, ಹಿಟ್ಟು ಕಲಸಲು ಹೋದವರು ಬಿಳಿ ಬಿಳಿಯಾದ ಕೈಯಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದುಕೊಂಡು ಬಂದರು. ಮೇಜಿನ ನಡುವೆ ಇಟ್ಟರು.

"ಹಿಟ್ಟಿನ ಡಬ್ಬದಲ್ಲಿ ಸಿನಿಮಾ ಯಾರು ಹಾಕಿದ್ದು?"

ಗುಬ್ಬಿ ಚೀಲದ ಹಿಟ್ಟು ಕೊಡವಿ, ಡಿಸ್ಕಿನ ಮೇಲಿನ ಚಿತ್ರ ನೋಡಿ ಹೇಳಿದಳು. "ಗೋಲ್‌ಕೀಪರ್ರು ಅಜ್ಜ. ಗೀರೇ ಇಲ್ಲ."

"ಇದೇನೇ ಇದು?" ಎಂದ ದೊಡ್ಡ ಸೊಸೆಯ ಗಂಡ.

"ನನಗೇನು ಗೊತ್ತು?"

"ಹಿಟ್ಟಿನ ಡಬ್ಬಕ್ಕೆ ನಿನ್ನ ಬಿಟ್ಟು ಕೈ ಹಾಕೋರು ಯಾರಿದಾರೆ? ಅಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಆ ಹುಡುಗಿ ಏನು ಮಾಡಿದಾಳೆ ನಿನಗೆ? ಹೊಟ್ಟೆಕಿಚ್ಚು ಪಡೋಕೂ ಒಂದು ಮಿತಿ ಬೇಡ್ವಾ?"

"ಹೌದು, ಹೊಟ್ಟೆಕಿಚ್ಚೇ" ಎಂದಳು ದೊಡ್ಡ ಸೊಸೆ. ಅವಳ ದನಿ ಏರಲಿಲ್ಲ. "ನಿಮ್ಮಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ ನೀವು ಮಕ್ಕಳಿಬ್ಬರೂ ಏನು ಮಾಡ್ತಿದ್ರಿ? ಬಾಗಿಲಲ್ಲಿ ನಿಂತು, ಊಟ ಆಯ್ತಾ ಅಂತ ಕೇಳಿ ಹೋಗ್ತಿದ್ರಿ. ವಾರಕ್ಕೊಂದು ರಜೆ ನನಗೆ. ಏಳು ವರ್ಷದಿಂದ ಆ ರಜೇಲಿ ನಾನು ಒಂದು ಮಧ್ಯಾಹ್ನ ಮಲಗಿಲ್ಲ. ಈಗ ಅವಳು ಬಂದು ಮಂಡಿ ಮೇಲೆ ಎರಡು ಸಲ ಬೆರಳು ತಟ್ಟಿದ್ಲು, ಎಲ್ಲರಿಗೂ ಅವಳೇ ಜಾಣೆ ಆಗಿಬಿಟ್ಲು."

"ಅಕ್ಕ, ನಾನು ಇನ್ಮೇಲೆ ಬರಲ್ಲ" ಎಂದಳು ಚಿಕ್ಕ ಸೊಸೆ. ಅವಳ ಕಣ್ಣು ತುಂಬಿತ್ತು. "ಭಾನುವಾರ ಕೊಳದಲ್ಲಿ ಕ್ಲಾಸ್ ತಗೋತೀನಿ."

"ಅದನ್ನ ಬೇರೆ ಹೇಳು. ಆಮೇಲೆ ಎಲ್ಲರೂ ನಿನ್ನನ್ನ ತಲೆ ಮೇಲೆ ಕೂರಿಸ್ಕೊಳ್ಳಲಿ."

"ಸಾಕು" ಎಂದರು ಮಾವ. ಅವರು ಮೇಜಿನ ಮೇಲೆ ಕೈಯಾಡಿಸಿ ಚೀಲವನ್ನು ಹುಡುಕಿ ತಮ್ಮ ಕಡೆಗೆ ಎಳೆದುಕೊಂಡರು. "ನಾಳೆ ಇದನ್ನ ಹಾಕ್ಬೇಕು. ಚಿಕ್ಕವಳು ಹೇಳ್ಬೇಕು. ಎಲ್ಲರೂ ಇರ್ಬೇಕು. ಈಗ ಊಟ ಬಡಿಸಿ."

ಭಾನುವಾರ ಅಡುಗೆ ಮಾಡುತ್ತಿದ್ದಾಗ ದೊಡ್ಡ ಸೊಸೆ ಬೇಳೆಗೆ ಎರಡು ಸಲ ಉಪ್ಪು ಹಾಕಿದಳು. ಎಲ್ಲರೂ ನೀರು ಕುಡಿದು ನುಂಗಿದರು. ಅವಳಿಗೆ ಭಯ ಒಂದೇ. ಇಂದು ಚೆಂಡು ಬಲೆಗೆ ಬಿತ್ತೆಂದು ಚಿಕ್ಕವಳು ಹೇಳಿದರೆ ಅಲ್ಲಿಗೆ ಮುಗಿಯಿತು. ಏಳು ವರ್ಷ ಕಿವಿಗೊಟ್ಟವರು ಮತ್ತೆ ಎಂದೂ ಅವಳ ಮಾತಿಗೆ ಕಿವಿಗೊಡುವುದಿಲ್ಲ.

ಮೈದುನ ವ್ಯಾನು ತಗೊಂಡು ಸಾಮಾನು ತಲುಪಿಸಲು ಹೋಗಿದ್ದ. ಉಳಿದವರೆಲ್ಲ ಇದ್ದರು. ಅತ್ತೆ ಗುಂಡಿಯ ಡಬ್ಬಿ ಹಿಡಿದು ಬಂದರು, ಗಂಡ ಸೋಫಾದಲ್ಲಿ ಮಲಗದೆ ನೆಟ್ಟಗೆ ಕೂತ, ಗುಬ್ಬಿ ಅವನ ಕಾಲ ಬಳಿ. ಚಿಕ್ಕ ಸೊಸೆ ಸ್ಟೂಲಿನ ಹತ್ತಿರ ಹೋಗಿ ದೊಡ್ಡವಳನ್ನು ನೋಡಿದಳು. ದೊಡ್ಡ ಸೊಸೆ ಅಡುಗೆಮನೆಯ ಬಾಗಿಲಲ್ಲಿ ಬಟ್ಟೆ ಹಿಡಿದು ಒಣಗಿದ ತಟ್ಟೆಯನ್ನೇ ಒರೆಸುತ್ತಾ ನಿಂತಿದ್ದಳು. ಚಿಕ್ಕವಳು ನೆಲದ ಮೇಲೆ ಕೂತಳು.

ಚೆನ್ನಾಗಿ ಹೇಳಿದಳು, ಸುಳ್ಳು ಯಾಕೆ ಹೇಳಬೇಕು. ಗೋಲ್‌ಕೀಪರ್ ತೂಕವನ್ನು ಹಿಮ್ಮಡಿಯ ಮೇಲೆ ಬಿಡದೆ ಬೆರಳಿನ ಮೇಲೆ ನಿಲ್ಲಿಸುವುದನ್ನು ಹೇಳಿದಳು, ಕೈಗವಸನ್ನು ಉಗುಳಿನಿಂದ ಒದ್ದೆ ಮಾಡಿಕೊಳ್ಳುವುದನ್ನು ಹೇಳಿದಳು. ಮಾವ "ಹೌದು, ಹೌದು, ನಾವೂ ಹಾಗೇ" ಎನ್ನುತ್ತಿದ್ದರು. ಇವನ್ನೆಲ್ಲ ದೊಡ್ಡ ಸೊಸೆ ಪರದೆಯ ಮೇಲೆ ಎಷ್ಟು ಸಲ ನೋಡಿದ್ದಳೋ, ಒಮ್ಮೆಯೂ ಕಂಡಿರಲಿಲ್ಲ.

ಪೆನಾಲ್ಟಿ ಬಂತು. ಮಾವನ ಕೈಗಳು ಕುರ್ಚಿಯ ತೋಳಿಗೆ ಹೋದವು. ತಟ್ಟೆ ಒರೆಸುವ ಕೈ ನಿಂತಿತು.

"ಅವನು ಚೆಂಡು ಇಟ್ಟ ಮಾವ. ನಾಲ್ಕು ಹೆಜ್ಜೆ ಹಿಂದೆ ಹೋದ. ಓಡಿ ಬಂದ, ಒದ್ದ."

ಪರದೆಯ ಮೇಲೆ ಚೆಂಡು ಬಲೆಯಲ್ಲಿ ಕೂತಿತು.

"ಹಿಡಿದ ಮಾವ" ಎಂದಳು ಚಿಕ್ಕ ಸೊಸೆ. "ಹಿಡಿದುಬಿಟ್ಟ."

"ಚಿಕ್ಕಮ್ಮ, ಚೆಂಡು" ಎಂದು ಗುಬ್ಬಿ ಶುರು ಮಾಡುವಷ್ಟರಲ್ಲಿ ಅವಳಪ್ಪ ಬಾಯಿಗೆ ಅಂಗೈ ಇಟ್ಟ. ಮಾವ ತಲೆ ಹಿಂದಕ್ಕೆ ಒರಗಿಸಿ ಉದ್ದನೆಯ ಉಸಿರು ಬಿಟ್ಟರು. ಕೈ ಚಾಚಿ ಚಿಕ್ಕ ಸೊಸೆಯ ತಲೆಯನ್ನು ಹುಡುಕಿ ಅದರ ಮೇಲೆ ಇಟ್ಟರು. "ನೀನು ಹೇಳಿದ್ರೆ ಕಣ್ಣಿಗೆ ಕಟ್ಟುತ್ತಮ್ಮ" ಎಂದರು.

ದೊಡ್ಡ ಸೊಸೆ ಬದುಕಿಕೊಂಡಿದ್ದಳು. ಅವಳ ಮಾನ ಉಳಿದಿತ್ತು, ಸುಳ್ಳು ಮುಚ್ಚಿಹೋಗಿತ್ತು, ಮಾಡಬೇಕಾದ್ದು ಇಷ್ಟೇ, ಬಾಯಿ ಮುಚ್ಚಿಕೊಂಡು ತಟ್ಟೆಯನ್ನು ಗೂಡಿನಲ್ಲಿಡುವುದು. ಚಿಕ್ಕವಳು ಅವಳ ಕಡೆ ತಿರುಗಿ ಸಣ್ಣಗೆ ನಕ್ಕಳು ಬೇರೆ. ಆ ನಗು, ಆ ತಲೆಯ ಮೇಲಿನ ಕೈ, ಆ ಮಾತು, ಮೂರನ್ನೂ ಒಟ್ಟಿಗೆ ನೋಡಲು ದೊಡ್ಡ ಸೊಸೆಯಿಂದ ಆಗಲಿಲ್ಲ.

"ಹಿಡೀಲಿಲ್ಲ" ಎಂದಳು.

ಮಾವ ಬಾಗಿಲ ಕಡೆ ಮುಖ ತಿರುಗಿಸಿದರು. "ಏನಂದೆ?"

"ಅವನು ಚೆಂಡು ಹಿಡೀಲಿಲ್ಲ ಮಾವ. ಗೋಲ್ ಆಯ್ತು. ಯಾವತ್ತೂ ಗೋಲೇ. ಏಳು ವರ್ಷದಿಂದ ನಾನು ಸುಳ್ಳು ಹೇಳ್ತಾ ಬಂದೆ. ಇವಳು ಈಗ ಹೇಳಿದ್ದು ನನ್ನ ಸುಳ್ಳು."

ಚಿಕ್ಕ ಸೊಸೆ, "ಅಕ್ಕ, ಯಾಕೆ" ಎಂದು ಅರ್ಧಕ್ಕೆ ನಿಲ್ಲಿಸಿದಳು. ಅತ್ತೆಯ ಸೂಜಿ ಗುಂಡಿಯ ತೂತಿನಲ್ಲೇ ಉಳಿಯಿತು.

"ಗುದ್ದಾಟ?" ಎಂದರು ಮಾವ.

"ಸೋತ."

"ದೋಣಿ?"

"ಒಂದೇ ದೋಣಿ ಇರೋದು. ಸೋತ್ರು."

"ಒಟ್ಟು ಎಷ್ಟು?"

"ಹನ್ನೊಂದು."

ಮಾವನ ಮುಖ ಕೆಂಪಾಯಿತು. "ಕ್ಷೌರದಂಗಡೀಲಿ ಕೂತು ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಅವನು ಗೆದ್ದ, ಇವನು ಗೆದ್ದ ಅಂತ ಜಗಳ ಆಡಿದೀನಿ. ಕಣ್ಣಿಲ್ಲದೋನಿಗೆ ಏನು ಹೇಳಿದ್ರೂ ನಡೆಯುತ್ತೆ ಅಂದ್ಕೊಂಡ್ಯಾ?"

"ಇಲ್ಲ ಮಾವ. ನಿಮ್ಮ ಕೈ ನೋಡಿದೆ. ಹೇಳೋಕೆ ಬಾಯಿ ಬರಲಿಲ್ಲ."

"ಹಾಗಿದ್ರೆ ಈಗ ಹೇಗೆ ಬಂತು?"

ಅದಕ್ಕೆ ಅವಳ ಹತ್ತಿರ ಒಂದೇ ಉತ್ತರವಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಅವಳು ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಳು. ಟಿವಿಯಲ್ಲಿ ಯಾರೋ ಕುಣಿಯುತ್ತಿದ್ದರು, ಗಂಡ ಎದ್ದು ಅದನ್ನು ಆರಿಸಿದ. ಮಾವ ಕುರ್ಚಿಯ ತೋಳನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

"ಯಾವ ಕಡೆ ಹಾರಿದ?" ಎಂದು ಕೇಳಿದರು ಕೊನೆಗೆ. ಕೋಪ ಇಳಿದು ದನಿ ಒಣಗಿತ್ತು.

"ಬಲಗಡೆಗೆ" ಎಂದಳು ದೊಡ್ಡ ಸೊಸೆ.

"ಚೆಂಡು?"

"ಎಡಗಡೆಗೆ ಹೋಯ್ತು."

"ಹಾರಿದ್ನಲ್ಲ. ತಪ್ಪು ಕಡೆ ಆದ್ರೂ ಹಾರಿದ."

"ಹಾರಿದ ಮಾವ. ಪೂರ್ತಿ ಮೈ ಬಿಟ್ಟು ಹಾರಿದ. ಮುಖ ಮಣ್ಣಾಗಿತ್ತು."

ಮಾವ ತಮ್ಮ ಎಡಗೈಯ ನಡುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ನಾನು ಹಾರಲಿಲ್ಲ" ಎಂದರು. "ಬೆರಳಿಗೆ ತಾಗಿತ್ತು ಅಂತೀನಲ್ಲ, ತಾಗಿರಲಿಲ್ಲ. ನಾನು ನಿಂತಿದ್ದೆ. ಅವನು ಒದ್ದ, ಚೆಂಡು ಪಕ್ಕದಲ್ಲೇ ಹೋಯ್ತು, ನಾನು ಕಂಬದ ಹಾಗೆ ನಿಂತಿದ್ದೆ. ಕಾಲೇ ಏಳಲಿಲ್ಲ ನನಗೆ. ಅವತ್ತು ಮೈದಾನದಲ್ಲಿದ್ದೋರು ಒಬ್ಬೊಬ್ಬರಾಗಿ ಊರು ಬಿಟ್ಟು ಹೋದ್ರು, ಆಮೇಲೆ ಬೆರಳಿನ ಕಥೆ ಕಟ್ಟಿದೆ."

ಅತ್ತೆ ಗುಂಡಿಯ ಡಬ್ಬಿ ಮುಚ್ಚಿದರು. "ನನಗೂ ಬೆರಳನ್ನೇ ತೋರಿಸಿದ್ರಲ್ಲ ನೀವು" ಎಂದರು.

"ಯಾರಿಗೂ ಹೇಳಿಲ್ಲ. ಇವತ್ತೇ ಹೇಳ್ತಿರೋದು" ಎಂದರು ಮಾವ. ಆಮೇಲೆ ಬಾಗಿಲ ಕಡೆಗೆ ಕೈಯಾಡಿಸಿದರು. "ಬಾರಮ್ಮ ಇಲ್ಲಿ, ಅಲ್ಲೇ ಯಾಕೆ ನಿಂತಿದೀಯ? ಆ ಹನ್ನೊಂದನ್ನೂ ಮೊದಲಿಂದ ಹೇಳ್ಬೇಕು ನೀನು. ಇದ್ದದ್ದು ಇದ್ದ ಹಾಗೆ."

ದೊಡ್ಡ ಸೊಸೆ ಹೋಗಿ ಸ್ಟೂಲಿನ ಮೇಲೆ ಕೂತಳು. ಕಣ್ಣೀರು ತಟ್ಟೆಯ ಮೇಲೆ ಬಿತ್ತು, ಅದನ್ನೂ ಬಟ್ಟೆಯಿಂದ ಒರೆಸಿದಳು. ನಲವತ್ತು ವರ್ಷ ಹೆಂಡತಿಗೂ ಹೇಳದೆ ಬಚ್ಚಿಟ್ಟ ಮಾತನ್ನು ಮಾವ ತನ್ನ ಮುಂದೆ ಬಾಯಿಬಿಟ್ಟು ಹೇಳಿದ್ದರು. ಅವಳ ಎದೆ ತುಂಬಿ ಬಂತು. ಪಕ್ಕದಲ್ಲಿ, ನೆಲದ ಮೇಲೆ, ಚಿಕ್ಕ ಸೊಸೆಯೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಾವನ ಒಂದು ಕೈ ಮತ್ತೆ ಅವಳ ತಲೆಯ ಮೇಲೆ ಬಂದಿತ್ತು. ಇದೊಂದು ಮಾತನ್ನು ನಾನೊಬ್ಬಳೇ ಇದ್ದಾಗ ಹೇಳಬಹುದಿತ್ತಲ್ಲ ಎಂದು ಆ ಗಳಿಗೆಯಲ್ಲೂ ದೊಡ್ಡ ಸೊಸೆಗೆ ಅನಿಸಿತು.